ಮಗು ಏನೂ ತಿನ್ನಲ್ಲ ಅಂತೀರಲ್ಲ, ಹಾಲೆಷ್ಟು ಕುಡಿಯುತ್ತೆ ಹೇಳಿ

"ಡಾಕ್ಟ್ರೇ, ಏನೂ ತಿನ್ನಲ್ಲ, ಹಸಿವಾಗೋಕೆ ಒಂದು ಟಾನಿಕ್ ಬರ್ಕೊಡಿ." ಒಂದೂವರೆ, ಎರಡು ವರ್ಷದ ಮಕ್ಕಳನ್ನ ಕರ್ಕೊಂಡು ಬರೋ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳೋದು ಇದೇ ಮಾತು. ನಾನು ಮೊದ್ಲು ಹಾಲಿನ ಲೆಕ್ಕ ಕೇಳ್ತೀನಿ. ಬೆಳಗ್ಗೆ ಎದ್ದ ತಕ್ಷಣ ಒಂದು ಬಾಟ್ಲಿ, ತಿಂಡಿ ತಿನ್ನಲಿಲ್ಲ ಅಂತ ಒಂದು, ಮಧ್ಯಾಹ್ನ ಮಲಗೋವಾಗ ಒಂದು, ರಾತ್ರಿ ನಿದ್ದೆಗಣ್ಣಲ್ಲೇ ಎರಡು. ಕೂಡಿಸಿದ್ರೆ ಲೀಟರ್ ದಾಟುತ್ತೆ. ಆಮೇಲೂ "ಏನೂ ತಿನ್ನಲ್ಲ" ಅಂತಾನೇ ಹೇಳ್ತಾರೆ!

ಸ್ವಲ್ಪ ನಿಧಾನವಾಗಿ ಕೇಳಿ. ಈ ವಯಸ್ಸಿನ ಮಗುಗೆ ದಿನಕ್ಕೆ ಬೇಕಾಗೋದು ಹೆಚ್ಚುಕಮ್ಮಿ 1000 ಕ್ಯಾಲರಿ, ಒಂದು ಲೀಟರ್ ಹಾಲಲ್ಲೇ 600 ಹೋಯ್ತು, ಮೇಲೆ ನಾಲ್ಕು ಬಿಸ್ಕೆಟ್ ಬೇರೆ, ಇನ್ನು ಅನ್ನ ಸಾರಿಗೆ ಹೊಟ್ಟೇಲಿ ಜಾಗ ಎಲ್ಲಿದೆ? ಅದು ತಿಂತಾ ಇಲ್ಲ ಅಂತಲ್ಲ, ಹೊಟ್ಟೆ ತುಂಬಿದೆ. ಜೊತೆಗೆ ಮೊದಲ ವರ್ಷ ಮೂರು ಕೆಜಿಯಿಂದ ಒಂಬತ್ತಕ್ಕೆ ಏರಿದ ಮಗು ಎರಡನೇ ವರ್ಷ ಏರೋದು ಎರಡು, ಎರಡೂವರೆ ಕೆಜಿ ಮಾತ್ರ, ಹಸಿವು ಇಳಿಯೋದು ಸಹಜ.

ಹಾಲಲ್ಲಿ ಕ್ಯಾಲ್ಸಿಯಂ ಇದೆ, ಒಪ್ತೀನಿ. ಆದ್ರೆ ಕಬ್ಬಿಣ ಇಲ್ಲ ಅಂತಲೇ ಹೇಳಬಹುದು. ಒಂದು ಲೀಟರ್ ಕುಡಿಸಿದ್ರೂ ಸಿಗೋದು ತೀರಾ ಕಮ್ಮಿ, ದಿನಕ್ಕೆ ಬೇಕಾಗೋದು ಏಳೆಂಟು ಮಿಲಿಗ್ರಾಂ. ಮೇಲಾಗಿ ಹಾಲು ಊಟದಲ್ಲಿರೋ ಕಬ್ಬಿಣಾನೂ ಸರಿಯಾಗಿ ಮೈಗೆ ಹತ್ತೋಕೆ ಬಿಡಲ್ಲ. ರಕ್ತ ಕಮ್ಮಿ ಆಗುತ್ತೆ, ರಕ್ತ ಕಮ್ಮಿ ಆದ್ರೆ ಹಸಿವು ಇನ್ನೂ ಸಾಯುತ್ತೆ, ಪಾಪ ಅಂತ ನೀವು ಇನ್ನೊಂದು ಬಾಟ್ಲಿ ಕೊಡ್ತೀರಿ.

ಒಬ್ಬ ಅಜ್ಜಿ ಮೊಮ್ಮಗನ್ನ ಕರ್ಕೊಂಡು ಬಂದಿದ್ರು, ಮಗಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಮಗು ಇವರ ಹತ್ರಾನೇ. ದುಂಡುದುಂಡಗಿತ್ತು, ಬೆಳ್ಳಗಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರೆ ಒಳಗೆ ಕೆಂಪೇ ಇಲ್ಲ. ಉಗುರಲ್ಲಿ ಸುಣ್ಣ. ಕೇಳಿದ್ರೆ "ಗೋಡೆ ಕೆರ್ಕೊಂಡು ತಿಂತಾನೆ ಸಾರ್, ಹೊಡೆದ್ರೂ ಬಿಡಲ್ಲ" ಅಂದ್ರು. ರಕ್ತ ಕಮ್ಮಿ ಇರೋ ಮಕ್ಕಳು ಹೀಗೆ ಮಾಡೋದುಂಟು. ಹಿಮೋಗ್ಲೋಬಿನ್ 6.8 ಬಂತು, ಇರಬೇಕಾದ್ದು 11. ತನ್ನ ಪೆನ್ಷನ್ ದುಡ್ಡಲ್ಲಿ ದಿನಾ ಎರಡು ಪ್ಯಾಕೆಟ್ ಹಾಲು ತರ್ತಿದ್ದ ಆ ಅಜ್ಜಿಗೆ ಇದು ಹಾಲಿನಿಂದ ಆಯ್ತು ಅಂತ ಹೇಗೆ ಹೇಳೋದು? "ಅಜ್ಜಿ, ನಿಮ್ಮ ಪ್ರೀತೀಲಿ ತಪ್ಪಿಲ್ಲ, ಅರ್ಧ ಪ್ಯಾಕೆಟ್ ಸಾಕು, ಉಳಿದ ದುಡ್ಡಲ್ಲಿ ಮೊಟ್ಟೆ ತನ್ನಿ" ಅಂದೆ. ಕಬ್ಬಿಣದ ಡ್ರಾಪ್ಸ್ ಶುರು ಮಾಡಿದ್ವಿ. ಮುಂದಿನ ಸಲ ಬಂದಾಗ ಗೋಡೆ ಬಿಟ್ಟಿದ್ದ, ಮುದ್ದೆ ತುತ್ತು ನುಂಗ್ತಿದ್ದ.

ಒಂದು ವರ್ಷ ದಾಟಿದ ಮಗುಗೆ ದಿನಕ್ಕೆ 300ರಿಂದ 400 ಎಂಎಲ್ ಹಾಲು ಸಾಕು, ಅದೂ ಲೋಟದಲ್ಲಿ, ಊಟ ಆದ್ಮೇಲೆ. ಎದೆಹಾಲು ಕುಡೀತಿದ್ರೆ ಅದನ್ನ ಬಿಡಿಸ್ಬೇಡಿ, ನಾನು ಹೇಳ್ತಿರೋದು ಬಾಟ್ಲಿ ಹಾಲಿನ ಮಾತು. ಮೊದಲು ರಾತ್ರಿ ಬಾಟ್ಲಿ ನಿಲ್ಲಿಸಿ. ಕೆಲವು ದಿನ ಅಳುತ್ತೆ, ಅಕ್ಕಪಕ್ಕದ ಮನೆಯೋರಿಗೂ ಕೇಳ್ಸುತ್ತೆ, ಅತ್ತೆ ಬೈತಾರೆ, ತಡ್ಕೊಳ್ಳಿ. ತೂಕ ಇಳೀತಿದ್ರೆ, ಪದೇಪದೇ ವಾಂತಿ ಭೇದಿ ಇದ್ರೆ ಮಾತ್ರ ಇದನ್ನೆಲ್ಲ ಓದ್ಕೊಂಡು ಕೂರ್ಬೇಡಿ, ಮಗೂನ ತೋರಿಸಿ.

ಆಮೇಲೆ ಆಶಾ ಕಾರ್ಯಕರ್ತೆ ಕೊಟ್ಟಿರೋ ಕಬ್ಬಿಣದ ಸಿರಪ್ ಬಾಟ್ಲಿ ಎಷ್ಟೋ ಮನೇಲಿ ಫ್ರಿಜ್ ಮೇಲೆ ಧೂಳು ಹಿಡೀತಿರುತ್ತೆ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್, ಅಷ್ಟೇ. ಥಲಸ್ಸೇಮಿಯಾ ಥರದ ರಕ್ತದ ಕಾಯಿಲೆ ಇದ್ರೆ ಡಾಕ್ಟರನ್ನ ಕೇಳಿ ಕೊಡಿ. ಕಕ್ಕ ಕಪ್ಪಗೆ ಬರುತ್ತೆ, ಅದಕ್ಕೆ ಹೆದರಿ ನಿಲ್ಲಿಸ್ಬೇಡಿ.