ಹೆಬ್ಬೆರಳಿಗೆ ಬೆಲ್ಟ್ ಕೊಳ್ಳುವ ಮುನ್ನ ಯಾವ ಗೆಣ್ಣು ಎಂದು ನೋಡಿ

ವೈರ್ ಬ್ಯಾಗಿನಿಂದ ಒಂದೊಂದಾಗಿ ಮೂರು ಬೆಲ್ಟ್ ತೆಗೆದು ಅವರು ನನ್ನ ಮೇಜಿನ ಮೇಲಿಟ್ಟರು. ಒಂದು ಕಪ್ಪು ರಬ್ಬರ್ ಬಟ್ಟೆಯದು, ಹೆಬ್ಬೆರಳಿನ ಬುಡಕ್ಕೆ ಸುತ್ತುವಂಥದ್ದು. ಇನ್ನೊಂದು ಮುಂಗೈ ಅರ್ಧದವರೆಗೆ ಬರುವ ಉದ್ದದ್ದು, ಒಳಗೆ ಪಟ್ಟಿ ಇಟ್ಟು ಹೊಲಿದದ್ದು. ಮತ್ತೊಂದು ಬರೀ ಮಣಿಕಟ್ಟಿನದು. ಚನ್ನಗಿರಿ ಕಡೆಯ ಹಳ್ಳಿಯವರು, ವಯಸ್ಸು ಐವತ್ತೈದರ ಆಸುಪಾಸು. ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ.

"ಮೂರೂ ಹಾಕಿ ನೋಡೀನ್ರಿ ಮೇಡಂ. ಬೆಳಿಗ್ಗೆ ಏಳೋದ್ರಾಗ ಬೆರಳು ಮಡಚಿಕೊಂಡೇ ಇರ್ತೈತಿ. ಇನ್ನೊಂದು ಕೈಲಿ ಎತ್ತಿದ್ರೆ ಟಕ್ ಅಂತ ಬಿಡ್ತೈತಿ. ಜೀವ ಹೋದಂಗಾಗ್ತೈತಿ."

ಮೂರೂ ಬೆಲ್ಟ್‌ಗಳನ್ನು ಅವರ ಕೈಗೇ ಹಾಕಿ ನೋಡಿದೆ. ಮೂರರಲ್ಲೂ ಹೆಬ್ಬೆರಳಿನ ಉಗುರಿನ ಕೆಳಗಿನ ಗೆಣ್ಣು ಸಲೀಸಾಗಿ ಮಡಚುತ್ತಿತ್ತು. ಸಿಕ್ಕಿಕೊಳ್ಳುತ್ತಿದ್ದುದು ಅದೇ ಗೆಣ್ಣು! ಅದನ್ನು ತಡೆಯದ ಬೆಲ್ಟ್ ಎಷ್ಟು ದುಬಾರಿಯದಾದರೂ ಈ ತೊಂದರೆಗೆ ಕೆಲಸಕ್ಕೆ ಬಾರದು.

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಇಂಥ ಬೆಲ್ಟ್ ಚೀಲಗಳು ಹೊಸದಲ್ಲ. ಜನ ದುಡ್ಡು ಕಳೆದುಕೊಳ್ಳುವುದಕ್ಕಿಂತ, ಸುಲಭವಾಗಿ ವಾಸಿಯಾಗುವ ಹಂತದ ತಿಂಗಳುಗಳನ್ನು ಕಳೆದುಕೊಳ್ಳುವುದು ನನಗೆ ಹೆಚ್ಚು ಸಂಕಟ ತರುತ್ತದೆ.

ಒಳಗೆ ಏನಾಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಹೆಬ್ಬೆರಳನ್ನು ಮಡಚುವ ಸ್ನಾಯು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹಗ್ಗದಂಥ ಒಂದು ಸ್ನಾಯುರಜ್ಜು ಅಂಗೈ ದಾಟಿ ಬೆರಳ ತುದಿಯ ಮೂಳೆಗೆ ಅಂಟಿಕೊಂಡಿರುತ್ತದೆ. ಅದು ಮೂಳೆಯಿಂದ ಮೇಲೆದ್ದು ಬರದಂತೆ ದಾರಿಯಲ್ಲಿ ಬಳೆಗಳಂಥ ಕಟ್ಟುಗಳಿವೆ. ಬೆರಳಿನ ಬುಡದಲ್ಲಿರುವ ಮೊದಲ ಕಟ್ಟಿಗೆ ನಾವು ಏ-1 ಪುಲ್ಲಿ ಎನ್ನುತ್ತೇವೆ. ಆ ಕಟ್ಟು ದಪ್ಪಗಾಗಿ, ರಜ್ಜುವಿನ ಮೇಲೂ ಒಂದು ಗಂಟು ಬಂದರೆ ಓಡಾಟ ಕಷ್ಟವಾಗುತ್ತದೆ. ಲಂಗಕ್ಕೆ ಲಾಡಿ ಪೋಣಿಸುವಾಗ ಲಾಡಿಯಲ್ಲಿ ಗಂಟು ಬಿದ್ದಿದ್ದರೆ ತೂತಿನ ಬಾಯಲ್ಲಿ ಸಿಕ್ಕಿಕೊಂಡು, ಜಗ್ಗಿದಾಗ ತಟ್ಟನೆ ಜಾರುವುದಿಲ್ಲವೇ, ಹಾಗೆ. 1850ರಲ್ಲಿ ಫ್ರಾನ್ಸಿನ ವೈದ್ಯ ನೊಟ್ಟಾ ಈ ಗಂಟನ್ನು ವಿವರಿಸಿದ್ದರಿಂದ ಅದನ್ನು ಇವತ್ತಿಗೂ ನೊಟ್ಟಾ ಗಂಟು ಎನ್ನುವವರಿದ್ದಾರೆ. ಇದಕ್ಕೆ ಇಂಗ್ಲಿಷ್ ಹೆಸರು ಟ್ರಿಗರ್ ಫಿಂಗರ್, ಹೆಬ್ಬೆರಳಿಗೆ ಬಂದರೆ ಟ್ರಿಗರ್ ಥಂಬ್.

ಮೋಸ ಎಲ್ಲಿದೆ ಎಂದರೆ, ಟಕ್ ಎನ್ನುವುದು ಮೇಲಿನ ಗೆಣ್ಣಿನಲ್ಲಿ, ಕಾರಣ ಇರುವುದು ಬುಡದಲ್ಲಿ. ಅಂಗೈ ಕಡೆಯಿಂದ ಹೆಬ್ಬೆರಳಿನ ಬುಡದ ಗೆರೆಯ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ಮೆಲ್ಲಗೆ ಮಡಚಿ ಬಿಡಿಸಿ. ಕಡಲೆಕಾಳಿನಂಥ ಗಂಟೊಂದು ಕೆಳಗೆ ಸರಿದಾಡಿ, ಒತ್ತಿದರೆ ನೋವಾದರೆ ಅನುಮಾನ ಬಹುಮಟ್ಟಿಗೆ ಖಚಿತ.

ನೋವು ಬೇರೆ ಕಡೆ ಇದ್ದರೆ ಕಾಯಿಲೆಯೂ ಬೇರೆ, ಬೆಲ್ಟೂ ಬೇರೆ. ಮಣಿಕಟ್ಟಿನ ಪಕ್ಕದಲ್ಲಿ, ಹೆಬ್ಬೆರಳಿನ ಕಡೆಯ ಮೂಳೆಯ ಮೇಲೆ ನೋವಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕೈಯನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದಾಗ ಚುಚ್ಚಿದಂತಾದರೆ ಅದು ಡಿ ಕೆರ್ವೆನ್. 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರೊಬ್ಬರು ಬರೆದಿಟ್ಟ, ಅವರ ಹೆಸರಲ್ಲೇ ಉಳಿದ ತೊಂದರೆ. ಕೂಸನ್ನು ಎತ್ತಿ ಇಳಿಸುವ ಬಾಣಂತಿಯರಲ್ಲಿ ಬಹಳ. ಅದಕ್ಕೆ ಮಣಿಕಟ್ಟನ್ನೂ ಹೆಬ್ಬೆರಳಿನ ಬುಡವನ್ನೂ ಸೇರಿಸಿ ಹಿಡಿಯುವ ಉದ್ದದ ಬೆಲ್ಟ್ ಬೇಕು. ಬಾಟಲಿಯ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಹೆಬ್ಬೆರಳಿನ ತೀರಾ ಬುಡದಲ್ಲಿ, ಮಣಿಕಟ್ಟಿಗೆ ತಾಗಿದಂತೆ ನೋಯುವುದು ಬಹುತೇಕ ಕೀಲಿನ ಸವೆತ. ಅದಕ್ಕೆ ಆ ಕೀಲನ್ನು ಹಿಡಿದು ತುದಿಯನ್ನು ಬಿಡುವ ಗಿಡ್ಡ ಬೆಲ್ಟ್. ನೋವಿಗಿಂತ ಜೋಮು ಹೆಚ್ಚಾಗಿ, ರಾತ್ರಿ ಎಚ್ಚರವಾಗಿ ಕೈ ಝಾಡಿಸುವಂತಾದರೆ ನರದ ಸಮಸ್ಯೆ ಇರಬಹುದು. ಅಂಗಡಿಯಲ್ಲಿ "ಹೆಬ್ಬೆರಳಿನ ಬೆಲ್ಟ್ ಕೊಡ್ರಿ" ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಉದ್ದದ ಬೆಲ್ಟ್. ಅಂಗಡಿಯವರ ತಪ್ಪಲ್ಲ, ಅವರು ಕೇಳಿದ್ದನ್ನು ಕೊಟ್ಟಿರುತ್ತಾರೆ.

ಹಾಗಾದರೆ ಟ್ರಿಗರ್ ಹೆಬ್ಬೆರಳಿಗೆ ಯಾವುದು? ನನ್ನ ಆಯ್ಕೆ ಬೆರಳಿಗೆ ಮಾತ್ರ ಕೂರುವ ಚಿಕ್ಕ ಸ್ಪ್ಲಿಂಟ್, ಅಂದರೆ ಗೆಣ್ಣು ಅಲುಗದಂತೆ ಹಿಡಿಯುವ ಗಟ್ಟಿ ಆಸರೆ. ಮೇಲಿನ ಗೆಣ್ಣನ್ನು ನೆಟ್ಟಗೆ ಹಿಡಿಯಬೇಕು, ಹಿಂದಕ್ಕೆ ಬಾಗಿಸಬಾರದು. ಮಣಿಕಟ್ಟು ಬಿಡುವಾಗಿರಬೇಕು. ಗೆಣ್ಣು ಮಡಚದಿದ್ದರೆ ಗಂಟು ಆ ಕಿರಿದಾದ ಬಾಯಿಗೆ ಮತ್ತೆ ಮತ್ತೆ ಉಜ್ಜುವುದಿಲ್ಲ, ಊತ ಇಳಿಯಲು ಅವಕಾಶ ಸಿಗುತ್ತದೆ. ಸ್ಪ್ಲಿಂಟ್ ಮಾಡುವುದು ಇಷ್ಟೇ, ಔಷಧಿಯ ಕೆಲಸ ಅದಕ್ಕಿಲ್ಲ. ಉಂಗುರದ ಬೆರಳಿಗೋ ನಡುಬೆರಳಿಗೋ ಬಂದಿದ್ದರೆ ಲೆಕ್ಕ ಬೇರೆ, ಅಲ್ಲಿ ಸಾಮಾನ್ಯವಾಗಿ ಬುಡದ ಗೆಣ್ಣನ್ನು ಹಿಡಿದು ತುದಿಯ ಗೆಣ್ಣುಗಳನ್ನು ಬಿಡುತ್ತೇವೆ.

ರಬ್ಬರ್ ಬಟ್ಟೆಯ ಮೆತ್ತನೆ ಚೀಲಗಳು ಬೆಚ್ಚಗೆ ಹಿತವೆನಿಸುತ್ತವೆ, ಮಡಚುವುದನ್ನು ಮಾತ್ರ ತಡೆಯುವುದಿಲ್ಲ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಒಳಗೆ ಬೆವರಿ ಚರ್ಮ ಕೆಂಪಾಗುವುದೂ ಉಂಟು. ಒಳಗೆ ಸ್ಪಂಜ್ ಇರುವ ಅಲ್ಯುಮಿನಿಯಂ ಪಟ್ಟಿ ಅಗ್ಗ, ರಾತ್ರಿಗೆ ಸಾಕು. ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ನಿಮ್ಮ ಬೆರಳಿನ ಮೇಲೇ ಅಚ್ಚು ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟ್. ಸುಮಾರು 65ರಿಂದ 75 ಡಿಗ್ರಿಗೆ ಅದು ಮೆತ್ತಗಾಗುತ್ತದೆ. ಹಾಗಾಗಿ ಮನೆಗೆ ಹೋದ ಮೇಲೆ ಕುದಿನೀರಲ್ಲಿ ತೊಳೆಯಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಆಕಾರ ಕೆಡುತ್ತದೆ.

'ಫ್ರೀ ಸೈಜ್' ಎಂದು ಬರೆದದ್ದನ್ನು ನಾನು ನಂಬುವುದಿಲ್ಲ. ರೊಟ್ಟಿ ತಟ್ಟುವ ಕೈಗೂ ಕಾಲೇಜು ಹುಡುಗಿಯ ಕೈಗೂ ಒಂದೇ ಅಳತೆ ಹೇಗಾದೀತು? ಹಾಕಿಕೊಂಡು ಉಗುರನ್ನು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತುದಿ ಜೋಮು ಹಿಡಿದರೆ, ನೀಲಿಯಾದರೆ, ತಣ್ಣಗಾದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾಗಿರುವವರಿಗೆ ಒತ್ತಿದ ಗಾಯ ಗೊತ್ತಾಗುವುದೇ ಇಲ್ಲ. ಅಂಥವರು ದಿನಾ ಬಿಚ್ಚಿ, ಚರ್ಮವನ್ನು ಕಣ್ಣಾರೆ ನೋಡಲೇಬೇಕು.

ಸಕ್ಕರೆ ಕಾಯಿಲೆಗೂ ಈ ಬೆರಳಿಗೂ ಹತ್ತಿರದ ನಂಟು. ಸಾಮಾನ್ಯ ಜನರಲ್ಲಿ ನೂರಕ್ಕೆ 2-3 ಮಂದಿಗೆ ಜೀವಮಾನದಲ್ಲಿ ಬರುವ ಈ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ 10ರ ಹತ್ತಿರ ಹೋಗುತ್ತದೆ. ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಂಧಿವಾತದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಒಂದಾದ ಮೇಲೆ ಒಂದು ಬೆರಳು ಸಿಕ್ಕಿಕೊಳ್ಳತೊಡಗಿದರೆ ಮೊದಲು ರಕ್ತದ ಸಕ್ಕರೆ ನೋಡಿಸಿ ಎಂದು ಕಳಿಸುತ್ತೇನೆ.

ಸ್ಪ್ಲಿಂಟನ್ನು ರಾತ್ರಿಯಿಡೀ ಹಾಕಬೇಕು, ಏಕೆಂದರೆ ನಿದ್ದೆಯಲ್ಲಿ ಬಹಳ ಜನ ಗೊತ್ತಿಲ್ಲದೆ ಮುಷ್ಟಿ ಕಟ್ಟುತ್ತಾರೆ. ಹಗಲಲ್ಲಿ ಬೆರಳಿಗೆ ಒತ್ತಡ ಬೀಳುವ ಹೊತ್ತಿಗೆ ಹಾಕಿ, ನಡುನಡುವೆ ಬಿಚ್ಚಿ ಮೆಲ್ಲಗೆ ಆಡಿಸಿ, ಇಲ್ಲದಿದ್ದರೆ ಗೆಣ್ಣು ಬಿಗಿಯುತ್ತದೆ. ಕನಿಷ್ಠ 6 ವಾರ. "ಇನ್ನೂ ಟಕ್ ಅಂತದಾ?" ಎಂದು ದಿನಕ್ಕೆ ಹತ್ತು ಸಲ ಮಡಚಿ ನೋಡುವ ಅಭ್ಯಾಸ ಬಿಡಿ, ಪ್ರತಿ ಟಕ್ಕಿಗೂ ಗಂಟು ಕೆರಳುತ್ತದೆ. ಬೆಳಿಗ್ಗೆ ಸಿಕ್ಕಿಕೊಂಡಿದ್ದರೆ ಜಗ್ಗಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈಯಿಟ್ಟು ಆಮೇಲೆ ಬಿಡಿಸಿ.

ಚನ್ನಗಿರಿಯ ಅಮ್ಮನಿಗೆ ಸ್ಪ್ಲಿಂಟಿನಷ್ಟೇ ಮುಖ್ಯವಾಗಿದ್ದು ಹಾಲು ಕರೆಯುವ ರೀತಿ. ಕರೆದು ತೋರಿಸಿ ಎಂದು ನನ್ನ ಬೆರಳನ್ನೇ ಅವರ ಕೈಗೆ ಕೊಟ್ಟೆ. ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಗೆಣ್ಣಿಗೆ ಒತ್ತಿ ಕರೆಯುತ್ತಿದ್ದರು. ಎರಡು ಎಮ್ಮೆ, ಎರಡು ಹೊತ್ತು, ಎಷ್ಟೋ ವರ್ಷ. ಕೆಚ್ಚಲಿಗೂ ಅದು ಒಳ್ಳೆಯದಲ್ಲ, ಮೊಲೆತೊಟ್ಟು ಗಾಯವಾಗುತ್ತದೆ ಎಂದು ಪಶುವೈದ್ಯರೂ ಬೇಡವೆನ್ನುತ್ತಾರೆ. ಹೆಬ್ಬೆರಳನ್ನು ನೆಟ್ಟಗಿಟ್ಟು ತುಂಬುಮುಷ್ಟಿಯಲ್ಲಿ ಕರೆಯುವುದನ್ನು ರೂಢಿ ಮಾಡಿಕೊಳ್ಳಲು ಹೇಳಿದೆ. ಅಡಿಕೆ ಸುಲಿಯುವವರಿಗೆ, ದಿನವಿಡೀ ಕತ್ತರಿ ಹಿಡಿಯುವ ಟೈಲರ್‌ಗಳಿಗೆ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ ಎನ್ನುತ್ತೇನೆ. ಹಿಡಿತ ಸಡಿಲವಾದಷ್ಟೂ ರಜ್ಜುವಿಗೆ ಆರಾಮ.

ಬೆರಳು ಪೂರ್ತಿ ಸಿಕ್ಕಿಕೊಂಡು ಬಿಡಿಸಲು ಬಾರದಿದ್ದರೆ, 6 ವಾರ ಸರಿಯಾಗಿ ಹಾಕಿಯೂ ಇಳಿಯದಿದ್ದರೆ ಮೂಳೆ ವೈದ್ಯರ ಬಳಿ ಹೋಗಿ. ಸ್ಟಿರಾಯ್ಡ್ ಇಂಜೆಕ್ಷನ್ ಬಹಳ ಜನಕ್ಕೆ ಗುಣ ಕೊಡುತ್ತದೆ. ಅದಾದ ಮೇಲೆ ಕೆಲವು ದಿನ ಸಕ್ಕರೆ ಏರುವುದರಿಂದ ಸಕ್ಕರೆ ಕಾಯಿಲೆಯವರು ಮೊದಲೇ ಹೇಳಿಕೊಳ್ಳಬೇಕು. ಕೊನೆಗೆ ಆಪರೇಷನ್ ಎಂದರೂ ಆ ಜಾಗಕ್ಕಷ್ಟೇ ಮರಗಟ್ಟಿಸಿ, ಬಿಗಿದ ಕಟ್ಟನ್ನು ಬಿಡಿಸುವ ಸಣ್ಣ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಚಿಕ್ಕ ಮಕ್ಕಳ ಹೆಬ್ಬೆರಳು ಮಡಚಿಕೊಂಡೇ ಇದ್ದರೆ ಅಂಗಡಿಯ ಬೆಲ್ಟ್ ತರಬೇಡಿ, ನೇರ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತನ್ನು ಹೊಲದಲ್ಲಿ ಕೆಲಸ ಮಾಡುವವರಿಗೆ ಒತ್ತಿ ಹೇಳುತ್ತೇನೆ. ಜಾಲಿ ಮುಳ್ಳು ಚುಚ್ಚಿದ ಮೇಲೆ ಬೆರಳು ಇಡಿಯಾಗಿ ಊದಿ, ಅರೆಮಡಚಿ ನಿಂತು, ನೆಟ್ಟಗೆ ಮಾಡಿದರೆ ತಡೆಯಲಾರದ ನೋವಾದರೆ ಅದು ಟ್ರಿಗರ್ ಅಲ್ಲ, ರಜ್ಜುವಿನ ಕವಚದೊಳಗೆ ಕೀವು. ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆ ಅಮ್ಮ ಎಂಟನೇ ವಾರಕ್ಕೆ ಮತ್ತೆ ಬಂದರು. ಬೆಳಿಗ್ಗೆ ಒಮ್ಮೊಮ್ಮೆ ಸಣ್ಣಗೆ ಜಾರಿದಂತಾಗುವುದು ಬಿಟ್ಟರೆ ನೋವಿಲ್ಲ, ಇನ್ನೊಂದು ಕೈಯ ಸಹಾಯ ಬೇಕಿಲ್ಲ. ಜೊತೆಗೆ ಬಾಣಂತಿ ಸೊಸೆ ಬಂದಿದ್ದಳು, ತೋಳಲ್ಲಿ ನಾಲ್ಕು ತಿಂಗಳ ಕೂಸು. "ಇವಳಿಗೂ ಕೈ ನೋವು ಮೇಡಂ. ನನ್ನ ಬೆರಳಿಂದನ್ನೇ ಹಾಕ್ಕೋ ಅಂದ್ರೆ ಇನ್ನೂ ಜಾಸ್ತಿ ಆತು ಅಂತಾಳ." ಸೊಸೆಯ ನೋವು ಮಣಿಕಟ್ಟಿನ ಪಕ್ಕದಲ್ಲಿತ್ತು. ವೈರ್ ಬ್ಯಾಗಿನ ತಳದಲ್ಲಿ ಆ ಉದ್ದದ ಬೆಲ್ಟ್ ಇನ್ನೂ ಇತ್ತು. ತೆಗೆದು ಅವಳ ಕೈಗೆ ಕಟ್ಟಿ, ಉಗುರು ಒತ್ತಿ ನೋಡಿದೆ. ಅಳತೆ ಸರಿಯಾಗಿತ್ತು.