ಗುಳಿಗೆಯ ಮೇಲೆ ಅನುಮಾನ ಬರುವುದು ಕೊನೆಗೇ

ಮೈಮೇಲೆ ಗಂದೆ ಎದ್ದರೆ ಕಾರವಾರ, ಅಂಕೋಲಾ ಕಡೆ ಮೊದಲ ಅನುಮಾನ ಸೀಗಡಿಯ ಮೇಲೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಬದನೆಕಾಯಿಯ ನಂಜು, ಹೊಳಗೇರು ಮರದ ಸೊನೆ, ಮಳೆಗಾಲವಾದರೆ ತೋಟಕ್ಕೆ ಹೊಡೆದ ಕೊಳೆ ಔಷಧಿ. ಇವೆಲ್ಲ ಸುಮ್ನೆ ಹುಟ್ಟಿದ ಮಾತಲ್ಲ. ಹೊಳಗೇರಿನ ಸೊನೆ ತಾಗಿ ಮುಖ ಊದಿಸಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಎರಡು ವಾರದ ಹಿಂದೆ ಶುರುವಾದ ಹೊಸ ಗುಳಿಗೆ ಯಾರ ನೆನಪಿಗೂ ಬರುವುದಿಲ್ಲ. ಜ್ವರ ಬರುತ್ತದೆ, ಕಣ್ಣು ಕೆಂಪಾಗುತ್ತದೆ, ತುಟಿ, ಬಾಯಿ ಹುಣ್ಣಾಗುತ್ತವೆ, ಚರ್ಮ ಮುಟ್ಟಿದರೆ ಉರಿ. ಗುಳಿಗೆ ಮಾತ್ರ ಹೊತ್ತುಹೊತ್ತಿಗೆ ಹೊಟ್ಟೆ ಸೇರುತ್ತಲೇ ಇರುತ್ತದೆ.

ಇದನ್ನು ನಮ್ಮವರ ದಡ್ಡತನ ಅನ್ನುವ ಹಾಗಿಲ್ಲ. ವೈದ್ಯರಿಗೇ ಔಷಧಿಯ ಮೇಲೆ ಅನುಮಾನ ಬರಲು ದಶಕಗಳು ಹಿಡಿದವು.

1922ರಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ ಇಬ್ಬರು ಹುಡುಗರ ಬಗ್ಗೆ ಬರೆದರು. ಒಬ್ಬನಿಗೆ 7 ವರ್ಷ, ಇನ್ನೊಬ್ಬನಿಗೆ 8. ಜ್ವರ, ಮೈತುಂಬ ಗುಳ್ಳೆ, ಬಾಯಿಹುಣ್ಣು, ಕೀವು ತುಂಬಿದ ಕಣ್ಣು. ಈ ರೋಗಕ್ಕೆ ಮುಂದೆ ಅವರದೇ ಹೆಸರು ಬಿತ್ತು, ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಇದು ಯಾವುದೋ ಹೊಸ ಸೋಂಕು ಇರಬೇಕು ಎಂದೇ ಅವರು ತಿಳಿದರು. ಪೂರ್ತಿ ತಪ್ಪೂ ಅಲ್ಲ ಅನ್ನಿ. ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಎಂಬ ಶ್ವಾಸಕೋಶದ ಸೋಂಕು ಇದೇ ಬಗೆಯ ಹುಣ್ಣು ತರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ದೊಡ್ಡವರಲ್ಲಿ ಮಾತ್ರ ಹೆಚ್ಚಿನ ಸಲ ಕಾರಣ ಔಷಧಿಯೇ. 1930ರ ದಶಕದಲ್ಲಿ ಸೋಂಕಿಗೆ ಕೊಡುವ ಸಲ್ಫಾ ಔಷಧಿಗಳು ಬಂದವು. ಅವನ್ನು ತೆಗೆದುಕೊಂಡವರಲ್ಲಿ ಇಂಥ ಗುಳ್ಳೆ ಕಾಣಿಸಿಕೊಂಡ ಮೇಲೆ ಅನುಮಾನ ನಿಧಾನಕ್ಕೆ ಮಾತ್ರೆಯ ಕಡೆ ತಿರುಗಿತು.

1956ರಲ್ಲಿ ಸ್ಕಾಟ್ಲೆಂಡಿನ ಚರ್ಮ ವೈದ್ಯ ಅಲನ್ ಲಯಲ್ ನಾಲ್ವರು ರೋಗಿಗಳ ವಿಷಯ ಪ್ರಕಟಿಸಿದರು. ಕುದಿನೀರು ಬಿದ್ದಂತೆ ಚರ್ಮ ಸುಲಿಯುತ್ತಿತ್ತು. ರಕ್ತದಲ್ಲಿ ಯಾವುದೋ ವಿಷ ಹರಿಯುತ್ತಿದೆ ಎಂದುಕೊಂಡು ಅವರು ರೋಗದ ಹೆಸರಿನಲ್ಲೇ 'ಟಾಕ್ಸಿಕ್' ಸೇರಿಸಿದರು: ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್. ಆದರೆ ಆ ಹೆಸರಿನ ಕೆಳಗೆ ಎರಡು ಬೇರೆ ರೋಗಗಳು ಕೂತಿದ್ದವು. ಮುಖ್ಯವಾಗಿ ಪುಟ್ಟ ಮಕ್ಕಳಿಗೆ ಬರುವ ಒಂದು ಬಗೆಗೆ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾದ ವಿಷ ಕಾರಣ ಎಂಬುದು 1970ರಲ್ಲಿ ಸಾಬೀತಾಯಿತು. ಅದರಲ್ಲಿ ಚರ್ಮದ ಮೇಲ್ಪದರ ಮಾತ್ರ ಸುಲಿಯುತ್ತದೆ, ಆಂಟಿಬಯಾಟಿಕ್ ಕೊಟ್ಟರೆ ಸಾಮಾನ್ಯವಾಗಿ ವಾಸಿ. ಔಷಧಿಯಿಂದ ಬರುವುದು ಹಾಗಲ್ಲ. ಹೊರಚರ್ಮದ ಪೂರ್ತಿ ದಪ್ಪವೇ ಸತ್ತು ಕಿತ್ತುಬರುತ್ತದೆ. 1993ರಲ್ಲಿ ಇದಕ್ಕೊಂದು ಅಳತೆ ಬಂತು: ಮೈಯ 10 ಶೇಕಡಕ್ಕಿಂತ ಕಡಿಮೆ ಚರ್ಮ ಬಿಟ್ಟುಕೊಂಡರೆ ಸ್ಟೀವನ್ಸ್-ಜಾನ್ಸನ್, 30 ದಾಟಿದರೆ ಲಯಲ್ ಹೆಸರಿಟ್ಟ ರೋಗ. ಮೊದಲನೆಯದರಲ್ಲಿ ನೂರಕ್ಕೆ ಐದರಿಂದ ಹತ್ತು ಜನ ಸಾಯುತ್ತಾರೆ, ಎರಡನೆಯದರಲ್ಲಿ ಸುಮಾರು 30.

ಸರಿ, ಅದೇ ಗುಳಿಗೆ ಸಾವಿರಾರು ಜನ ತಿಂದರೂ ಒಬ್ಬರಿಗೇ ಯಾಕೆ? ಇದಕ್ಕೆ ಮೊದಲ ಗಟ್ಟಿ ಉತ್ತರ ತೈವಾನಿನಿಂದ ಬಂತು. 2004ರಲ್ಲಿ ಅಲ್ಲಿನವರು ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 44 ರೋಗಿಗಳನ್ನು ಪರೀಕ್ಷಿಸಿದರು. ಫಿಟ್ಸ್‌ಗೂ ಮುಖದ ನರನೋವಿಗೂ ಕೊಡುವ ಔಷಧಿ ಅದು. 44 ಜನರಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಜೀನ್ ರೂಪ ಸಿಕ್ಕಿತು. ಅದೇ ಔಷಧಿ ತಿಂದೂ ಏನೂ ಆಗದ 101 ಜನರಲ್ಲಿ ಅದು ಇದ್ದದ್ದು ಮೂವರಿಗೆ ಮಾತ್ರ. ಈ ಜೀನ್ ಇದ್ದ ಕೆಲವರಲ್ಲಿ ರೋಗನಿರೋಧಕ ಕಣಗಳು ಔಷಧಿಯನ್ನು ಶತ್ರುವೆಂದು ಗುರುತಿಸಿ, ಸ್ವಂತ ಚರ್ಮದ ಕೋಶಗಳನ್ನೇ ಕೊಲ್ಲಲು ಹೊರಡುತ್ತವೆ. ಲಯಲ್ ಊಹಿಸಿದ ವಿಷವನ್ನು ಸುರಿಸುತ್ತಿದ್ದದ್ದು ನಮ್ಮದೇ ಮೈಯ ಕಾವಲು ಪಡೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಅಲೋಪ್ಯೂರಿನಾಲ್‌ಗೂ ಇಂಥದ್ದೇ ಇನ್ನೊಂದು ಜೀನ್ 2005ರಲ್ಲಿ ಸಿಕ್ಕಿತು.

2009ರಲ್ಲಿ ಪ್ರಕಟವಾದ ಭಾರತದ ಒಂದು ಸಣ್ಣ ಅಧ್ಯಯನದಲ್ಲಿ, ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 8 ರೋಗಿಗಳ ಪೈಕಿ 6 ಜನರಲ್ಲಿ ತೈವಾನಿನ ಆ ಜೀನ್ ಇತ್ತು. ಸಿಂಗಪುರದಲ್ಲಿ 2013ರಿಂದ, ಈ ಜೀನ್ ಹೆಚ್ಚಿರುವ ಸಮುದಾಯದವರಿಗೆ ಕಾರ್ಬಮಜೆಪಿನ್ ಕೊಡುವ ಮೊದಲೇ ರಕ್ತ ಪರೀಕ್ಷೆ ಮಾಡುವುದು ರೂಢಿ. ನಮ್ಮಲ್ಲಿ ಅದು ರೂಢಿಯಾಗಿಲ್ಲ. ಹಾಗಾಗಿ ಇಲ್ಲಿ ಇರುವ ದಾರಿ ಎಂದರೆ ಬೇಗ ಗುರುತಿಸುವುದು, ಬೇಗ ನಿಲ್ಲಿಸುವುದು. ದೇಹದಿಂದ ಬೇಗ ಹೊರಹೋಗುವ ಔಷಧಿಯಾದರೆ, ಒಂದೊಂದು ದಿನ ಮೊದಲು ನಿಲ್ಲಿಸಿದಷ್ಟೂ ಸಾವಿನ ಅಪಾಯ ಸುಮಾರು 30 ಶೇಕಡ ಇಳಿಯುತ್ತದೆ ಎಂದು 2000ದ ಒಂದು ಅಧ್ಯಯನ ತೋರಿಸಿತ್ತು.

ನಮ್ಮ ಜಿಲ್ಲೆಯ ಮಟ್ಟಿಗೆ ಆ ಒಂದು ದಿನ ಸಣ್ಣದಲ್ಲ. ಇಂಥ ರೋಗಿಯನ್ನು ಸುಟ್ಟಗಾಯದವರಂತೆ ನೋಡಿಕೊಳ್ಳಬೇಕು. ಚರ್ಮ, ಕಣ್ಣು, ಐಸಿಯು ಮೂರೂ ಕಡೆಯ ವೈದ್ಯರು ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜಿಲ್ಲೆಯುದ್ದಕ್ಕೂ ಎದ್ದಿತ್ತು, ನೆನಪಿದೆ ಅಲ್ವಾ? ಗಂಭೀರ ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಈಗಲೂ ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುತ್ತವೆ.

ಅಲ್ಲಿ ಮುಟ್ಟಿದ ಮೇಲೆ ಕೇಳುವ ಮೊದಲ ಪ್ರಶ್ನೆ: ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಗುಳಿಗೆ ಶುರುವಾಯಿತು? ಕುಟುಂಬದವರ ಕೈಯಲ್ಲಿ ಇರುವುದು ಮೆಡಿಕಲ್‌ನಲ್ಲಿ ಕತ್ತರಿಸಿ ಕೊಟ್ಟ ಸ್ಟ್ರಿಪ್‌ನ ತುಂಡು. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. "ಬಿಳಿ ಗುಳಿಗೆ, ಮಂಡಿನೋವಿಗೆ ಕೊಟ್ಟಿದ್ದು" ಎಂದರೆ ವೈದ್ಯರು ಏನು ಮಾಡಿಯಾರು? ನನಗೆ ಕೇಳಿದರೆ ಜೀನ್ ಪರೀಕ್ಷೆ ಬರುವುದಕ್ಕೂ ಮೊದಲು ಸರಿಯಾಗಬೇಕಾದದ್ದು ಈ ಕತ್ತರಿ. ಹೆಸರು ಕಾಣದಿದ್ದರೆ ಅಂಗಡಿಯವರಿಂದ ಬಿಲ್ ಕೇಳಿ ಪಡೆಯಿರಿ, ಇಲ್ಲವೇ ಪೂರ್ತಿ ಸ್ಟ್ರಿಪ್‌ನ ಫೋಟೊ ತೆಗೆದುಕೊಳ್ಳಿ.

ಫಿಟ್ಸ್ ಗುಳಿಗೆಯ ವಿಷಯದಲ್ಲಿ ಒಂದು ಮಾತು. ಅದನ್ನು ನೀವಾಗಿ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರುಕಳಿಸಬಹುದು. ಗಂದೆಯ ಜೊತೆ ಜ್ವರ, ಬಾಯಿಹುಣ್ಣು, ಕಣ್ಣುರಿ ಇದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ಅವರು ಬದಲಿ ಕೊಡುತ್ತಾರೆ. ಕಾರ್ಬಮಜೆಪಿನ್ ಆಗದವರಿಗೆ ಫೆನಿಟಾಯಿನ್, ಫೆನೊಬಾರ್ಬಿಟಾಲ್ ಎಂಬ ಬೇರೆ ಫಿಟ್ಸ್ ಗುಳಿಗೆಗಳು ಕೂಡ ಆಗದಿರಬಹುದು. ಬದುಕಿ ಬಂದವರು ಔಷಧಿಯ ಹೆಸರು ಬರೆದ ಚೀಟಿ ಸದಾ ಜೇಬಲ್ಲಿ ಇಟ್ಟುಕೊಳ್ಳಬೇಕು, ಬ್ರಾಂಡ್ ಹೆಸರಲ್ಲ, ಒಳಗಿನ ಔಷಧಿಯ ಹೆಸರು.

ಔಷಧಿಯ ಅಡ್ಡ ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಮುಟ್ಟಿನ ನೋವಿಗೆ ಮನೆಮನೆಯಲ್ಲೂ ನುಂಗುವ ಮೆಫೆನಾಮಿಕ್ ಆ್ಯಸಿಡ್‌ನಿಂದಲೂ ಡ್ರೆಸ್ ಎಂಬ ಇನ್ನೊಂದು ಗಂಭೀರ ಪ್ರತಿಕ್ರಿಯೆ ಆಗಬಹುದೆಂದು 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಟದ್ದು ಇದೇ ದಾಖಲೆಗಳಿಂದ. ರೋಗಿಗಳೇ ನೇರವಾಗಿ ದೂರು ಕೊಡಬಹುದು. ಅದರ ಉಚಿತ ಸಹಾಯವಾಣಿ 1800-180-3024.