ಸಮುದ್ರ ದಾಟಿದ ಪಾಠ, ರಾಜ್ಯದ ಗಡಿ ದಾಟದ ಮಾತ್ರೆ

ಕಲಬುರಗಿ, ವಿಜಯಪುರ ಕಡೆಯ ಕ್ಯಾನ್ಸರ್ ರೋಗಿಗಳಿಗೆ ಮುಂಬೈಯ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆ ಹಳೆಯ ದಾರಿ. ಕಾರವಾರದವರಿಗೆ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಇನ್ನು ಗುಣವಾಗದು ಎಂದು ಗೊತ್ತಾದ ಮೇಲೆ ಹೆಚ್ಚಿನವರು ಊರಿಗೆ ಮರಳುತ್ತಾರೆ, ಚೀಲದಲ್ಲಿ ಮಾರ್ಫಿನ್ ಎಂಬ, ಅಫೀಮಿನಿಂದ ತೆಗೆಯುವ ನೋವಿನ ಮಾತ್ರೆಯ ಸ್ಟ್ರಿಪ್ ಇಟ್ಟುಕೊಂಡು. ಅದು ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಗುಣವಾಗದ ರೋಗದಲ್ಲಿ ನೋವು, ಯಾತನೆ ತಗ್ಗಿಸುವ ಉಪಶಮನ ಆರೈಕೆಗೆ ದೇಶದೇಶಗಳ ನಡುವೆ ನಡೆದ ಸಹಕಾರದ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದುಕೊಂಡೇ ನೋಡಬೇಕು.

ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಮನೆ, ತೆರೆದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಔಷಧಕ್ರಮ ಪ್ರಕಟಿಸಿತು. ಅದೇ ವರ್ಷ ಮುಂಬೈಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಶುರುವಾಯಿತು. ಭಾರತದ ಮೊದಲ ಹಾಸ್ಪಿಸ್ ಅದು. ಮುಂದೆ ಗೋವಾದಲ್ಲೂ ಅದರ ಶಾಖೆ ಬಂತು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಆರಂಭವಾದ ನೋವು ಮತ್ತು ಉಪಶಮನ ಆರೈಕೆ ಕ್ಲಿನಿಕ್‌ಗೆ ಆಕ್ಸ್‌ಫರ್ಡ್‌ನ ಉಪಶಮನ ಆರೈಕೆ ತಜ್ಞ ರಾಬರ್ಟ್ ಟ್ವೈಕ್ರಾಸ್ ಅವರ ನಂಟಿತ್ತು. 1994ರಲ್ಲಿ ಭಾರತೀಯ ಪ್ಯಾಲಿಯೇಟಿವ್ ಕೇರ್ (ಉಪಶಮನ ಆರೈಕೆ) ಸಂಘ ಹುಟ್ಟಿತು. 1997ರಲ್ಲಿ ಪುಣೆಯ ವಾರ್ಜೆಯಲ್ಲಿ ಸಿಪ್ಲಾ ಉಪಶಮನ ಆರೈಕೆ ಕೇಂದ್ರ ಆರಂಭವಾಯಿತು. ಪಾಠಕ್ಕೂ ಪಾಠ ಹೇಳುವವರಿಗೂ ಆಗ ಕೊರತೆಯಿರಲಿಲ್ಲ.

ಕೊರತೆಯಿದ್ದದ್ದು ಮಾತ್ರೆಗೆ. 1985ರ ಎನ್‌ಡಿಪಿಎಸ್ ಕಾಯ್ದೆ ಮಾದಕ ವಸ್ತುಗಳ ಕಳ್ಳಸಾಗಣೆ ತಡೆಯಲು ಬಂದದ್ದು. ಆದರೆ ಕನಿಷ್ಠ 10 ವರ್ಷದ ಶಿಕ್ಷೆಯ ಹೆದರಿಕೆಗೆ ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಆಸ್ಪತ್ರೆಗಳಿಗೂ ನಾಲ್ಕೈದು ಪರವಾನಗಿ ಬೇಕಿತ್ತು, ಎಲ್ಲವೂ ಒಂದೇ ಕಾಲಕ್ಕೆ ಜಾರಿಯಲ್ಲಿರಬೇಕಿತ್ತು. ಅಬಕಾರಿ ಇಲಾಖೆಯ ಕಾಗದ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಬರಬೇಕಾದರೆ ಇಲ್ಲಿ ಆಮದು ಅನುಮತಿ, ಅಲ್ಲಿ ರಫ್ತು ಅನುಮತಿ. ಕಾನೂನುಬದ್ಧವಾಗಿ ಅಫೀಮು ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ದೇಶದಲ್ಲಿ ಮಾರ್ಫಿನ್ ಬಳಕೆ 1997ರಲ್ಲಿ 18 ಕಿಲೋಗೆ ಇಳಿಯಿತು.

ಇಲ್ಲಿ ಹೊರಗಿನ ಒಂದು ಸಹಕಾರ ನಿಜಕ್ಕೂ ಕೆಲಸಕ್ಕೆ ಬಂತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನೋವು ನೀತಿ ಅಧ್ಯಯನ ತಂಡ ಭಾರತದ ವೈದ್ಯರ ಜತೆ ಕೂತು ನಿಯಮಗಳನ್ನು ಓದಿ, ಎಲ್ಲೆಲ್ಲಿ ಗಂಟು ಬಿದ್ದಿದೆ ಎಂದು ಗುರುತಿಸಿತು. 1998ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸರಳ ಮಾದರಿ ನಿಯಮ ಕಳಿಸಿತು. ಪಾಲಿಸಿದ ರಾಜ್ಯಗಳು ಕೆಲವೇ. ಕೊನೆಗೆ ಅದೇ ಕಾಯ್ದೆಯ 2014ರ ತಿದ್ದುಪಡಿಯ ಮೇರೆಗೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳು ಅಗತ್ಯ ಮಾದಕ ಔಷಧಗಳ ಪಟ್ಟಿಗೆ ಬಂದು, ಇಡೀ ದೇಶಕ್ಕೆ ಒಂದೇ ನಿಯಮವಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎನಿಸಿಕೊಂಡರೆ ಸಾಕು. ಆದರೂ ಅರ್ಜಿ ಹಾಕುವ ಆಸ್ಪತ್ರೆಗಳು ಕಡಿಮೆ. ಕಾಗದ ಸರಳವಾದ ಸುದ್ದಿ ತಾಲೂಕು ಮಟ್ಟಕ್ಕೆ ಇಳಿದೇ ಇಲ್ಲ.

ಮಾತ್ರೆ ಸಿಕ್ಕಿದರೂ ಕೊಡುವ ಕ್ರಮ ಗೊತ್ತಿರಬೇಕು. ಮೊದಲ ಬಾರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ, ಅಂದರೆ 10ರ ಮಾತ್ರೆಯಲ್ಲಿ ಅರ್ಧ, ನಾಲ್ಕು ಗಂಟೆಗೊಮ್ಮೆ. ಹಣ್ಣಾದ ವಯಸ್ಸಿನವರಿಗೆ 2.5. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ರಾತ್ರಿ 10ಕ್ಕೆ ಎರಡು ಪಾಲು, ನಡುರಾತ್ರಿ 2ಕ್ಕೆ ಎಬ್ಬಿಸುವುದು ಬೇಡವೆಂದು. ನಡುವೆ ನೋವು ಎದ್ದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ ಹೆಚ್ಚುವರಿ. ಮೊದಲ ದಿನದಿಂದಲೇ ಬಿಸಾಕೊಡಿಲ್‌ನಂಥ ಮಲಬದ್ಧತೆ ತಡೆಯುವ ಮಾತ್ರೆ ಬೇಕು. ವಾಕರಿಕೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ. ‘ಮಾರ್ಫಿನ್ ಒಗ್ಗಲಿಲ್ಲ’ ಎಂದು ಬಿಟ್ಟವರಲ್ಲಿ ಹಲವರಿಗೆ ಒಗ್ಗದಿದ್ದುದು ಆ ಮಾತ್ರೆ ಬರೆಯದ ಚೀಟಿ. ಮೂತ್ರಪಿಂಡ ಸೋತವರಲ್ಲಿ ಔಷಧದ ಉಳಿಕೆ ದೇಹದಲ್ಲೇ ಸೇರಿ ಮಂಪರು ಹಿಡಿಯುತ್ತದೆ. ಅವರಿಗೆ ಪ್ರಮಾಣ ಇಳಿಸಬೇಕು, ಅಂತರ ಹೆಚ್ಚಿಸಬೇಕು, ಅಥವಾ ಬೇರೆ ಔಷಧ ನೋಡಬೇಕು.

ಹೊರಗಿನ ಪಠ್ಯ ಇಲ್ಲಿ ಎಡವುವ ಜಾಗಗಳೂ ಇವೆ. ಚರ್ಮದಡಿ ಔಷಧ ಹರಿಸುವ ಸಿರಿಂಜ್ ಪಂಪ್ ಹಳ್ಳಿಮನೆಗೆ ಸಿಗುವುದಿಲ್ಲ. ಬಟರ್‌ಫ್ಲೈ ಸೂಜಿ ಕೂರಿಸಿ, ನಾಲ್ಕು ಗಂಟೆಗೊಮ್ಮೆ ಔಷಧ ಹಾಕುವುದನ್ನು ಮನೆಯವರಿಗೇ ಕಲಿಸಬೇಕು. ರೋಗಿಗೆ ನೇರವಾಗಿ ಸತ್ಯ ಹೇಳು ಎನ್ನುತ್ತದೆ ಪುಸ್ತಕ. ಇಲ್ಲಿ ಮಗ ಬಾಗಿಲಲ್ಲೇ ತಡೆದು ‘ಅಪ್ಪಂಗೆ ಹೇಳಬ್ಯಾಡ್ರಿ’ ಎನ್ನುತ್ತಾನೆ. ಅಪ್ಪನಿಗೆ ಎಷ್ಟು ಗೊತ್ತಿದೆ ಎಂದು ಮೊದಲು ಮಗನನ್ನೇ ಕೇಳುವುದು ಜಾಣತನ. ನೋವಿಗೆ 10ರಲ್ಲಿ ಎಷ್ಟು ಅಂಕ ಎಂದರೆ ಅಜ್ಜಿ ಸುಮ್ಮನಾಗುತ್ತಾಳೆ, ರೂಪಾಯಿಗೆ ಎಷ್ಟಾಣೆ ನೋವು ಎಂದರೆ ಉತ್ತರ ಸಿಗಬಹುದು. ‘ಉರಿ’, ‘ಜೋಮು’, ‘ಕರೆಂಟ್ ಹೊಡೆದಂಗೆ’ ಎಂದರೆ ಅದು ನರದ ನೋವು. ಮಾರ್ಫಿನ್ ಒಂದೇ ಸಾಲದು, ಅಮಿಟ್ರಿಪ್ಟಿಲಿನ್ ಅಥವಾ ಗಾಬಾಪೆಂಟಿನ್ ಸೇರಬೇಕು. ಹಿಂದಿ, ಮರಾಠಿ ಮಾತ್ರ ಬಲ್ಲ ವಾರ್ಡಿನಲ್ಲಿ ಕನ್ನಡದ ರೋಗಿ ಈ ವ್ಯತ್ಯಾಸ ಹೇಳಲಾಗದೆ ಬರೀ ‘ನೋವು’ ಎಂದು ಮುಗಿಸಿಬಿಡುವ ಅಪಾಯವಿದೆ.

ತರಬೇತಿಯ ಸ್ವರೂಪವೂ ಬದಲಾಗಿದೆ. 2010ರಲ್ಲಿ ಟಾಟಾ ಸ್ಮಾರಕ ಕೇಂದ್ರ ಮತ್ತು ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘ ಬ್ರಿಟನ್ನಿನ ಸಂಸ್ಥೆಗಳೊಂದಿಗೆ ಸೇರಿ ಮಹಾರಾಷ್ಟ್ರದಲ್ಲಿ ಮಕ್ಕಳ ಉಪಶಮನ ಆರೈಕೆಯ ಯೋಜನೆ ಶುರುಮಾಡಿದವು. ಮುಂಬೈಯ ಸಾಯನ್ ಆಸ್ಪತ್ರೆಯ ಜತೆಗೆ ಆದಿವಾಸಿ ಪ್ರದೇಶವಾದ ಜವ್ಹಾರ್ ಕೂಡ ಅದರಲ್ಲಿತ್ತು. 2012ರಲ್ಲಿ ಟಾಟಾದಲ್ಲೇ ಉಪಶಮನ ವೈದ್ಯಶಾಸ್ತ್ರದ ಎಂಡಿ ಪದವಿ ಬಂತು. ಹೊರಗಿನವರು ಒಂದು ವಾರ ಬಂದು ಪ್ರಮಾಣಪತ್ರ ಕೊಟ್ಟು ಹೋಗುವ ಶಿಬಿರದ ಫಲ ಕಡಿಮೆ. ಕಲಿತ ನರ್ಸ್‌ಗೆ ವರ್ಗಾವಣೆಯಾದರೆ ಎಲ್ಲ ಮತ್ತೆ ಮೊದಲಿನಿಂದ. ಆದ್ದರಿಂದ ಒಂದೇ ಆಸ್ಪತ್ರೆಯಿಂದ ವೈದ್ಯ, ನರ್ಸ್, ಔಷಧ ವಿಭಾಗದವರು ಮೂವರೂ ಒಟ್ಟಿಗೆ ಕಲಿಯಬೇಕು. ಸಂಜೀವ್ ಅರೋರಾ 2003ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿಗಾಗಿ ಆರಂಭಿಸಿದ ‘ಎಕೋ’ ವಿಧಾನ ಈಗ ಈ ಕ್ಷೇತ್ರದಲ್ಲೂ ಬಳಕೆಯಲ್ಲಿದೆ: ನಿಗದಿತ ದಿನ ವಿಡಿಯೊದಲ್ಲಿ ಸೇರಿ, ಚಿಕ್ಕ ಪಾಠದ ಜತೆ ತಮ್ಮದೇ ರೋಗಿಯ ವಿಷಯವನ್ನು ಹೆಸರಿಲ್ಲದೆ ಮಂಡಿಸಿ ಸಲಹೆ ಪಡೆಯುವುದು.

ಮುಂಬೈ ಅಥವಾ ಗೋವಾದಿಂದ ಊರಿಗೆ ಹೊರಡುವ ಮೊದಲು ಮನೆಯವರು ಕೇಳಿಕೊಳ್ಳಬೇಕಾದವು ಇಷ್ಟು: ಈಗಿನ ಪ್ರಮಾಣ ಮತ್ತು ಅದನ್ನು ಏರಿಸಿದ ಕ್ರಮ ಬರೆದ ಪತ್ರ, ತುರ್ತಿಗೆ ಫೋನ್ ನಂಬರ್, ಊರಿನ ಸಮೀಪ ಮಾರ್ಫಿನ್ ಇಡುವ ಆಸ್ಪತ್ರೆಯ ಹೆಸರು. ಆ ಆಸ್ಪತ್ರೆಗೆ ಹೊರಡುವ ಮೊದಲೇ ಫೋನ್ ಮಾಡಿ ದಾಸ್ತಾನು ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವೈದ್ಯರ ಚೀಟಿಯ ಮೇರೆಗೆ ರೋಗಿ ತನಗಾಗಿ ಮಾತ್ರೆ ಇಟ್ಟುಕೊಳ್ಳುವುದು ಅಪರಾಧವಲ್ಲ. ಪ್ರಯಾಣದಲ್ಲಿ ಚೀಟಿಯನ್ನು ಮಾತ್ರೆಯ ಜತೆಗೇ ಇಡಬೇಕು.